ಬಂದ್ ಮಾಡಿದರೂ ಏಳುವ ಯಂತ್ರಗಳು

ಅಳಿಸಿದ್ದ ಮೂರು ಯಂತ್ರಗಳೂ ಬೆಳಿಗ್ಗೆ ಮತ್ತೆ ಎದ್ದು ಕೂತಿದ್ದವು.

ಅಶ್ವಿತ್ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡು ಇನ್ನೊಮ್ಮೆ ನೋಡಿದ. ಮೂರು ಸಾಲು, ಮೂರು ಹಸಿರು ಚುಕ್ಕೆ, ಪ್ರತಿಯೊಂದರ ಮುಂದೆ ‘ರನ್ನಿಂಗ್’. ನಿನ್ನೆ ಸಂಜೆ ಅಂಗಡಿಯ ಶಟರ್ ಎಳೆಯುವ ಮೊದಲು ಇದೇ ಸ್ಟೂಲಿನ ಮೇಲೆ ಕೂತು ಒಂದೊಂದನ್ನೇ ಆರಿಸಿ ಅಳಿಸಿದ್ದ. ನಿಜಕ್ಕೂ ಅಳಿಸಬೇಕೇ ಎಂದು ಅದು ಕೇಳಿದಾಗಲೆಲ್ಲ ಹೌದು, ಹೌದು, ಹೌದು ಎಂದು ಗುಂಡಿ ಒತ್ತಿದ್ದ. ಸಾಲುಗಳು ಬೂದಿ ಬಣ್ಣಕ್ಕೆ ತಿರುಗಿದ್ದನ್ನು ಕಣ್ಣಾರೆ ಕಂಡಿದ್ದ. ಮೊನ್ನೆಯೂ ಹಾಗೆಯೇ ಮಾಡಿದ್ದ, ಅದರ ಹಿಂದಿನ ದಿನವೂ. ಈಗ ನೋಡಿದರೆ ಹೆಸರು ಮಾತ್ರ ಹೊಸತು, ಸಂಖ್ಯೆ ಅದೇ ಮೂರು.

ಬಿಲ್ಲಿನ ಪುಟ ತೆರೆದ. ನಿನ್ನೆ ಸಾವಿರದ ಆರುನೂರ ಚಿಲ್ಲರೆ ಇದ್ದದ್ದು ಇವತ್ತು ಸಾವಿರದ ಎಂಟುನೂರ ನಲವತ್ತು. ಡಿಸೆಂಬರ್ ಮುಗಿಯಲು ಇನ್ನು ಎರಡು ದಿನ. ತಿಂಗಳು ಮುಗಿದ ಮೇಲೆ ಯಾರನ್ನೂ ಕೇಳದೆ ಅದು ಕಾರ್ಡಿನಿಂದ ಹಣ ಎಳೆದುಕೊಳ್ಳುತ್ತದೆ. ಕಾರ್ಡು ಅಶ್ವಿತನದ್ದಲ್ಲ.

“ನಿನ್ನ ಮನೆ ಹಾಳಾಗ,” ಎಂದ. ಯಾರಿಗೆಂದು ಅವನಿಗೇ ಸ್ಪಷ್ಟವಿರಲಿಲ್ಲ. ಯಾವುದೋ ದೇಶದಲ್ಲಿ ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಕಟ್ಟಡದ ತುಂಬ ಕಂಪ್ಯೂಟರು ಜೋಡಿಸಿಟ್ಟು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಡುವ ಕಂಪೆನಿಗಿರಬಹುದು. ಕಲಿಯುವವರಿಗೆ ಒಂದು ವರ್ಷ ಬಿಟ್ಟಿ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಒಂದೇ ಯಂತ್ರ, ಅದೂ ಸಣ್ಣದು, ತಿಂಗಳಿಗೆ ಏಳುನೂರ ಐವತ್ತು ಗಂಟೆ ಮಾತ್ರ ಎಂಬುದನ್ನು ಇರುವೆ ಕಾಲಿನಷ್ಟು ಸಣ್ಣದಾಗಿ ಬರೆದವನಿಗಿರಬಹುದು. ವಿಡಿಯೋದಲ್ಲಿ “ಫ್ರೆಂಡ್ಸ್, ಒಂದು ಪೈಸೆ ಖರ್ಚಿಲ್ಲ” ಎಂದು ಹಲ್ಲು ಬಿಡುತ್ತಿದ್ದವನಿಗಂತೂ ಹೌದು. ಅಶ್ವಿತನ ಸಿಟ್ಟಿಗೆ ಯಾವತ್ತೂ ಜನ ಕಡಿಮೆ ಬಿದ್ದದ್ದಿಲ್ಲ.

ಆ ಸಿಟ್ಟಿನಿಂದಲೇ ಅವನು ಶಾಲೆ ಬಿಟ್ಟದ್ದು. ಬೆಳ್ತಂಗಡಿಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂತಾಗ ಇಂಗ್ಲಿಷ್ ಒಂದರಲ್ಲಿ ಹೋಯಿತು. ಮರುಪರೀಕ್ಷೆಗೆ ಅರ್ಜಿ ತುಂಬಲು ಹೋದಾಗ ಮೇಷ್ಟ್ರು, “ಇನ್ನೊಮ್ಮೆ ಬರೆದ್ರೆ ಇನ್ನೊಮ್ಮೆ ಹೋಗ್ತದೆ, ಅಷ್ಟೇ,” ಎಂದರು. ಕೋಣೆಯಲ್ಲಿದ್ದ ಉಳಿದವರು ನಕ್ಕರು. ಅರ್ಜಿಯನ್ನು ಅಲ್ಲೇ ಹರಿದು ಲಾಯಿಲದ ಮನೆಗೆ ನಡೆದು ಬಂದ. ಬೀಡಿ ಕಟ್ಟುತ್ತಿದ್ದ ತಾಯಿ ಪೂವಮ್ಮ ಮೂರು ದಿನ ಅವನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಅವನು ಬಸ್ಸು ಹತ್ತಿ ಸಿದ್ಧಕಟ್ಟೆಗೆ ಬಂದು, ಪಂಪುಗಳ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಅಬ್ದುಲ್ ಶುಕೂರರ ಅಂಗಡಿಯ ಮುಂದೆ ನಿಂತ. ಅವರು ಅಂಕಪಟ್ಟಿ ಕೇಳಲಿಲ್ಲ. ಒಂದು ಸುಟ್ಟ ಮೋಟರನ್ನು ಕಾಲಿನಿಂದ ಅವನತ್ತ ತಳ್ಳಿ, “ಬಿಚ್ಚು, ನೋಡುವ,” ಎಂದರು. ಆರು ವರ್ಷವಾಯಿತು. ಈಗ ಅಶ್ವಿತನಿಗೆ ಇಪ್ಪತ್ತೆರಡು.

ಕಾರ್ಡು ಶುಕೂರ್ ಕಾಕನದ್ದು.

ಕಾರ್ಡ್ ಇಟ್ಟುಕೊಳ್ಳುವ ಮನುಷ್ಯರೇ ಅಲ್ಲ ಅವರು. ಬಡ್ಡಿ ಎಂಬುದನ್ನು ಹಂದಿ ಮಾಂಸದಷ್ಟೇ ದೂರ ಇಟ್ಟವರು. ತಂತಿ ಸುತ್ತುವ ಮೆಷಿನನ್ನು ಬ್ಯಾಂಕಿನ ಸಾಲದಲ್ಲಿ ತೆಗೆದುಕೊಳ್ಳಿ ಎಂದು ಯಾರೆಲ್ಲ ಹೇಳಿದರೂ ಕೇಳದೆ ಹನ್ನೊಂದು ವರ್ಷ ಕೈಯಲ್ಲೇ ಸುತ್ತಿದರು. ಎಡಗೈಯ ಹೆಬ್ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಬಂಟ್ವಾಳದ ಬ್ಯಾಂಕಿನವರು ಖಾತೆಯ ಜೊತೆಗೆ ಒತ್ತಾಯದಿಂದ ಕೊಟ್ಟ ಕ್ರೆಡಿಟ್ ಕಾರ್ಡು ಬೇರಿಂಗುಗಳ ಡ್ರಾಯರಿನಲ್ಲಿ ಬಿದ್ದಿತ್ತು. ಊರಲ್ಲಿ ಸಿಗದ ಸಾಮಾನನ್ನು ವರ್ಷಕ್ಕೊಂದೆರಡು ಸಲ ಅದರಲ್ಲಿ ತರಿಸಿ, ಮರುದಿನ ಬೆಳಿಗ್ಗೆಯೇ ಬ್ಯಾಂಕಿಗೆ ಹೋಗಿ ಹಣ ಕಟ್ಟಿ ಬರುತ್ತಿದ್ದರು.

ಅಕ್ಟೋಬರಿನಲ್ಲಿ ಅಶ್ವಿತ್ ಅದನ್ನು ಕೇಳಿದಾಗ ಅವರು ಕನ್ನಡಕ ಮೇಲೆ ಸರಿಸಿದ್ದರು.

“ಬಿಟ್ಟಿ ಅಂದ್ಮೇಲೆ ಕಾರ್ಡ್ ಎಂತಕ್ಕೆ?”

“ನಾವು ನಿಜವಾದ ಮನುಷ್ಯರಾ ಅಂತ ನೋಡ್ಲಿಕ್ಕೆ ಕಾಕ. ಎರಡು ರೂಪಾಯಿ ತೆಗೆದು ವಾಪಸ್ ಹಾಕ್ತಾರೆ.”

“ಎರಡು ರೂಪಾಯಿಯಲ್ಲಿ ಗೊತ್ತಾಗ್ತದಾ, ಮನುಷ್ಯ ಅಂತ?” ಎಂದು ನಕ್ಕು ಕಾರ್ಡಿನ ಮೇಲಿನ ಗ್ರೀಸನ್ನು ಲುಂಗಿಗೆ ಒರಸಿ ಕೊಟ್ಟಿದ್ದರು. “ಬಡ್ಡಿ ಒಂದು ಬೀಳ್ಬಾರ್ದು ಮೋನೇ. ನಲವತ್ತು ವರ್ಷದಿಂದ ಬೀಳ್ಲಿಲ್ಲ. ಉಳಿದದ್ದು ಎಂತ ಬೇಕಾದ್ರೂ ಮಾಡುವ.” ಅವರ ಮನೆಮಾತಾದ ಬ್ಯಾರಿಯಲ್ಲಿ ಮೋನೇ ಎಂದರೆ ಮಗನೇ.

ಅಶ್ವಿತನಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಅಂಗಡಿಗೆ ದಿನಕ್ಕೆ ಮೂವತ್ತು ಫೋನು ಬರುತ್ತಿತ್ತು, ಎಲ್ಲವೂ ಒಂದೇ ಪ್ರಶ್ನೆ: ಮೋಟರ್ ಆಯ್ತಾ? ಕೆಲಸ ನಿಲ್ಲಿಸಿ ಕೈ ಒರಸಿ ಉತ್ತರಿಸಬೇಕು. ಅದರ ಬದಲು ಒಂದು ಪುಟ. ಜನ ತಮ್ಮ ಮೊಬೈಲಿನಲ್ಲಿ ತೆರೆದು ನೋಡಲಿ: ಇಂಥವರ ಮೋಟರು ಬಿಚ್ಚಿದೆ, ಇಂಥವರದ್ದು ವಾರ್ನಿಷ್ ಒಣಗುತ್ತಿದೆ, ಇಂಥವರು ಬಂದು ಕೊಂಡುಹೋಗಬಹುದು. ಎರಡು ತಿಂಗಳು ವಿಡಿಯೋ ನೋಡಿ, ನಿಲ್ಲಿಸಿ, ಹಿಂದೆ ಮಾಡಿ, ಗೊತ್ತಿಲ್ಲದ ಇಂಗ್ಲಿಷ್ ಪದಗಳನ್ನು ರಟ್ಟಿನ ಮೇಲೆ ಬರೆದು ಆ ಬಾಡಿಗೆ ಕಂಪ್ಯೂಟರುಗಳ ಮೇಲೆ ಪುಟವನ್ನು ಎಬ್ಬಿಸಿ ನಿಲ್ಲಿಸಿದ್ದ. ‘ಶುಕೂರ್ ವೈಂಡಿಂಗ್ ವರ್ಕ್ಸ್, ಸಿದ್ಧಕಟ್ಟೆ’ ಎಂಬ ಅಕ್ಷರ ಮೊದಲ ಸಲ ಮೊಬೈಲಿನಲ್ಲಿ ಮೂಡಿದ ದಿನ ಕಾಕ ಅದನ್ನು ಬೀದಿಯ ತುಂಬ ತೋರಿಸಿ ಬಂದಿದ್ದರು.

ಬಿಲ್ಲು ಕಾಣಿಸಿದ್ದು ಆರು ದಿನದ ಹಿಂದೆ. ಮೊದಲ ದಿನವೇ ಹೇಳಬಹುದಿತ್ತು. ಹೇಳುವ ಬದಲು ಅವನು ಮಂಗಳೂರಿನಲ್ಲಿರುವ ದೊಡ್ಡಮ್ಮನ ಮಗ ಅಶೋಕನಿಗೆ ಫೋನ್ ಮಾಡಿದ. ಅಶೋಕ್ ಎಂಜಿನಿಯರಿಂಗ್ ಓದಿದವನು.

“ಟೆಂತ್ ಫೇಲಾದವನಿಗೆ ಅದೆಲ್ಲ ಎಂತಕ್ಕಾ?” ಎಂದಿದ್ದ ಅಶೋಕ್. “ಅಳಿಸಿದ್ರೂ ಬರ್ತದೆ ಅಂದ್ರೆ ಅಕೌಂಟ್ ಹ್ಯಾಕ್ ಆಗಿದೆ. ಯಾವನೋ ಕಳ್ಳ ಒಳಗೆ ಕೂತಿದ್ದಾನೆ. ಲಕ್ಷದ ಬಿಲ್ ಬಂದವರು ಇದ್ದಾರೆ ಮಾರಾಯ. ನನ್ನ ಹೆಸರು ಮಾತ್ರ ಎಲ್ಲಿಯೂ ಹೇಳ್ಬೇಡ.”

ಅಶ್ವಿತ್ ನಾಲ್ಕು ಸಲ ಪಾಸ್‌ವರ್ಡ್ ಬದಲಿಸಿದ್ದ. ಕಳ್ಳ ಜಗ್ಗಿರಲಿಲ್ಲ.

ಹೊರಗೆ ಕಾಕನ ಓಮ್ನಿ ವ್ಯಾನಿನ ಹಾರ್ನು ಕೇಳಿತು. ಅವನು ಲ್ಯಾಪ್‌ಟಾಪನ್ನು ಮಡಚಿ ಬ್ಯಾಗಿಗೆ ತುರುಕಿದ.

*

ಬೇರೆ ಎರಡು ಕೆಲಸ ಮುಗಿಸಿ, ಮೂಡುಬಿದಿರೆಯಲ್ಲಿ ಊಟ ಮಾಡಿ, ಶಿರ್ತಾಡಿ ತಲುಪುವಾಗ ಮೂರು ದಾಟಿತ್ತು. ಓಮ್ನಿಯ ಹಿಂದೆ ಗೋಣಿಯ ಮೇಲೆ ಅಲ್ಲಿನ ಕೃಷಿಕ ಪ್ರಭಾಚಂದ್ರರ ಐದು ಎಚ್‌ಪಿ ಪಂಪು, ಹೊಸ ವಾರ್ನಿಷಿನ ವಾಸನೆ ಬೀರುತ್ತ ಕೂತಿತ್ತು. ದಾರಿಯಿಡೀ ಕಾಕ ಒಬ್ಬರೇ ಮಾತಾಡಿದ್ದರು. ಅಶ್ವಿತ್ ಹೂಂಗುಟ್ಟಿದ್ದ, ಕೆಲವೊಮ್ಮೆ ಅದನ್ನೂ ಮರೆತಿದ್ದ.

ಪ್ರಭಾಚಂದ್ರರು ಬಿಳಿ ಮುಂಡು ಮೇಲೆತ್ತಿ ಕಟ್ಟಿಕೊಂಡು ಬಾವಿಯ ಬಳಿ ನಿಂತಿದ್ದರು. ಆಚೆ ಸಾಲಿಗೆ ಸಾಲು ಅಲಸಂಡೆ, ಸೌತೆ, ಒಂದು ಚಪ್ಪರ ಬಸಳೆ. ಎಲ್ಲವೂ ಬಾಡಿ ತಲೆ ಕೆಳಗೆ ಹಾಕಿದ್ದವು.

“ಏನು ಬ್ಯಾರಿಗಳೇ, ಮೋಟರ್ ತಂದದ್ದಾ, ಮದುಮಗಳನ್ನು ಕರ್ಕೊಂಡು ಬಂದದ್ದಾ? ಹತ್ತು ದಿನ ಆಯ್ತು. ನಿಮ್ಮ ಮೊಬೈಲ್ ಪುಟದಲ್ಲಿ ‘ಒಣಗುತ್ತಿದೆ’ ಅಂತ ಬರ್ತದೆ. ಎಂತ ಒಣಗುವುದು ಅಂತ ಬರೀಲಿಲ್ಲ. ಇಲ್ಲಿ ನನ್ನ ಅಲಸಂಡೆ ಒಣಗ್ತಾ ಉಂಟು.”

“ಹಸಿ ವಾರ್ನಿಷಿನಲ್ಲಿ ಕೊಟ್ರೆ ಹದಿನೈದನೇ ದಿನ ನೀವೇ ಬಂದು ನನ್ನನ್ನು ಒಣಗಿಸ್ತೀರಿ ಪ್ರಭಣ್ಣ,” ಎಂದರು ಕಾಕ. “ಕರೆಂಟ್ ಉಂಟಾ?”

“ಹನ್ನೊಂದಕ್ಕೆ ಹೋದದ್ದು. ನಾಲ್ಕಕ್ಕೆ ಬರ್ತದಂತೆ. ಅವರ ನಾಲ್ಕೋ ನಮ್ಮ ನಾಲ್ಕೋ ಗೊತ್ತಿಲ್ಲ.”

ಮೂವರೂ ಸೇರಿ ಪಂಪನ್ನು ಇಳಿಸಿ ಸಿಮೆಂಟಿನ ಕಟ್ಟೆಯ ಮೇಲೆ ಕೂರಿಸಿದರು. ಅಶ್ವಿತ್ ಬೋಲ್ಟು ಬಿಗಿದ, ಪೈಪು ಜೋಡಿಸಿದ. ಕಾಕ ಟೇಪು ತರಲು ಓಮ್ನಿಯ ಕಡೆ ಹೋದರು. ಅವನು ಮೋಟರಿನ ಪುಟ್ಟ ಪೆಟ್ಟಿಗೆಯ ಮುಚ್ಚಳ ತೆಗೆದು ಸ್ಟಾರ್ಟರಿನಿಂದ ಬಂದ ವಯರಿನ ತುದಿಗಳನ್ನು ಎಳೆದುಕೊಂಡ. ಕೈ ತನ್ನ ಕೆಲಸ ಮಾಡುತ್ತಿತ್ತು, ತಲೆ ಲೆಕ್ಕ ಮಾಡುತ್ತಿತ್ತು: ಇವತ್ತು ರಾತ್ರಿಗೆ ಎರಡು ಸಾವಿರ, ತಿಂಗಳ ಕೊನೆಗೆ ಎರಡು ಸಾವಿರದ ಇನ್ನೂರು. ಕಳ್ಳ ನಾಳೆ ಮೂರರ ಜಾಗದಲ್ಲಿ ಮೂವತ್ತು ಎಬ್ಬಿಸಿದರೆ? ಕಾಕನ ಹೆಸರಿಗೆ ಲಕ್ಷ. ಕಟ್ಟಲಾಗದ ಲಕ್ಷ. ಅದರ ಮೇಲೆ ಬಡ್ಡಿ.

“ಕೈ ತೆಗೀ!”

ಕಾಕ ಹಾಗೆ ಕಿರುಚಿದ್ದನ್ನು ಅವನು ಆರು ವರ್ಷದಲ್ಲಿ ಕೇಳಿರಲಿಲ್ಲ. ಕೈ ತಾನಾಗಿ ಹಿಂದಕ್ಕೆ ಬಂತು. ಟೇಪು, ಇಕ್ಕಳ ಎಲ್ಲವನ್ನೂ ನೆಲಕ್ಕೆ ಬಿಸಾಡಿ ಓಡಿಬಂದ ಕಾಕ ಗೋಡೆಯ ಮೇಲಿನ ಬೋರ್ಡಿನಿಂದ ಮೂರೂ ಫ್ಯೂಸುಗಳನ್ನು ಕಿತ್ತರು. ಆಮೇಲೆ ಸ್ಟಾರ್ಟರಿನ ಬದಿಯಲ್ಲಿ ಅಂಗೈಯಗಲದ ಬಿಳಿ ಪೆಟ್ಟಿಗೆಯೊಂದರ ಸ್ವಿಚ್ಚನ್ನು ಟಕ್ಕೆಂದು ಕೆಳಗೆ ಮಾಡಿದರು.

ಅದು ಆಟೋ. ಕರೆಂಟು ಹೋಗಿ ಬಂದರೆ, ಯಾರೂ ಗುಂಡಿ ಒತ್ತದೆಯೇ ಮೋಟರನ್ನು ಚಾಲು ಮಾಡುವ ಸಾಧನ. ಮನೆಯವರು ಮಲಗಿದ್ದರೂ, ಮದುವೆಗೆ ಹೋಗಿದ್ದರೂ ತೋಟಕ್ಕೆ ನೀರು ಹೋಗುತ್ತದೆ. ಅದರ ಸ್ವಿಚ್ಚು ಮೇಲಿರುವಾಗ ಮೋಟರಿಗೆ ಕೈ ಹಾಕಿದವನನ್ನು, ಬಂದ ಕರೆಂಟು ಹೇಳದೆ ಕೇಳದೆ ಹಿಡಿಯುತ್ತದೆ. ಫ್ಯೂಸು ಕೀಳದೆ, ಆಟೋ ಇಳಿಸದೆ ಮುಚ್ಚಳ ತೆಗೆಯಬಾರದು ಎಂಬುದು ಶುಕೂರ್ ಕಾಕನ ಅಂಗಡಿಯ ಮೊದಲ ದಿನದ ಪಾಠ.

ಬೋರ್ಡಿನ ಮೇಲೆ ಕೆಂಪು, ಹಳದಿ, ನೀಲಿ, ಮೂರು ಸಣ್ಣ ದೀಪ ಒಟ್ಟಿಗೆ ಹೊತ್ತಿಕೊಂಡವು.

“ಓ, ಬಂತಲ್ಲ!” ಎಂದರು ಪ್ರಭಾಚಂದ್ರರು ಸಂತೋಷದಿಂದ.

ಕಾಕ ಬಾವಿಯ ಕಟ್ಟೆಯ ಮೇಲೆ ಕೂತರು. ಕಿತ್ತ ಫ್ಯೂಸುಗಳನ್ನು ಒಂದೊಂದಾಗಿ ಬದಿಯಲ್ಲಿ ಜೋಡಿಸಿಟ್ಟರು. ಬೈದಿದ್ದರೆ ಅಶ್ವಿತನಿಗೆ ಸುಲಭವಾಗುತ್ತಿತ್ತು, ತಿರುಗಿ ಸಿಟ್ಟು ಮಾಡಬಹುದಿತ್ತು.

“ಆರು ವರ್ಷದಲ್ಲಿ ಒಂದು ಸಲವೂ ಆಟೋ ನೋಡದೆ ಕೈ ಹಾಕಿದವ ಅಲ್ಲ ನೀನು,” ಎಂದರು ಕೊನೆಗೆ. “ಎಂತ ಆಗಿದೆ? ಮನೆಯಲ್ಲಿ ಪೂವಮ್ಮ ಹುಷಾರಿದ್ದಾರಾ?”

“ಅಮ್ಮ ಹುಷಾರಿದ್ದಾರೆ.”

“ಮತ್ತೆ?”

“ನಿಮ್ಮ ಕಾರ್ಡಿಗೆ ಬಿಲ್ ಬೀಳ್ತದೆ ಕಾಕ.” ಹೇಳಿದ ಕೂಡಲೇ ಉಳಿದದ್ದು ಕಟ್ಟೆ ಒಡೆದ ಹಾಗೆ ಬಂತು. ಸಾವಿರದ ಎಂಟುನೂರ ನಲವತ್ತು, ಮೂರು ಯಂತ್ರ, ಅಳಿಸಿದರೂ ಏಳುವುದು, ಕಳ್ಳ, ಲಕ್ಷ. “ನಾನು ಕಟ್ತೇನೆ. ಎಷ್ಟಾದ್ರೂ ನಾನೇ ಕಟ್ತೇನೆ. ನಿಮಗೆ ಬಡ್ಡಿ ಬೀಳ್ಲಿಕ್ಕೆ ಬಿಡುವುದಿಲ್ಲ. ಫ್ರೀ ಅಂತ ಹೇಳಿ ಬಡವರ ಕುತ್ತಿಗೆ ಕೊಯ್ಯುವವರು ಅವರು. ಇಂಗ್ಲಿಷಿನಲ್ಲಿ ಬರೆದು ಹಾಕಿದ್ರೆ ನಮಗೆ ಗೊತ್ತಾಗುವುದಿಲ್ಲ ಅಂತ.”

“ಎಷ್ಟು ದಿನ ಆಯ್ತು?”

“ಆರು.”

ಕಾಕ ತಲೆ ಅಲ್ಲಾಡಿಸಿದರು. “ಸುಟ್ಟ ವಾಸನೆ ಬಂದ ಕೂಡ್ಲೆ ಹೇಳ್ಬೇಕು ಮೋನೇ. ವಾಸನೆ ಬರುವಾಗ ಹೇಳಿದ್ರೆ ಒಂದು ಕಾಯ್ಲ್ ಹೋಗ್ತದೆ. ಹೊಗೆ ಬಂದ ಮೇಲೆ ಹೇಳಿದ್ರೆ ಇಡೀ ಮೋಟರ್ ಹೋಗ್ತದೆ. ಆರು ದಿನ ನನ್ನ ಬದಿಯಲ್ಲಿ ಕೂತು ಊಟ ಮಾಡಿದೆಯಲ್ಲ ನೀನು.”

ಅಶ್ವಿತ್ ಕೈಯ ಗ್ರೀಸನ್ನೇ ನೋಡುತ್ತ ನಿಂತ. ಅವನು ಆರು ದಿನ ಕಾದಿದ್ದ ಮಾತು ಇದಲ್ಲ. ನಾಳೆಯಿಂದ ಬರಬೇಡ ಎಂಬ ಮಾತಿಗೆ ಉತ್ತರ ಸಿದ್ಧ ಮಾಡಿಕೊಂಡಿದ್ದ.

“ಅದು ಎಷ್ಟು ಹೊತ್ತಿಗೆ ಏಳುವುದು?” ಕಾಕ ಕೇಳಿದರು.

“ಎಂತದ್ದು?”

“ಆ ಯಂತ್ರ. ನೀನು ತೆಗೆದ ಮೇಲೆ ಎಷ್ಟು ಹೊತ್ತಿಗೆ ಏಳ್ತದೆ?”

“ಬೆಳಿಗ್ಗೆ ನೋಡಿದ್ರೆ ಇರ್ತದೆ. ಒಂದು ದಿನ ಕೂತು ನೋಡಿದೆ, ಐದು ನಿಮಿಷ ಸಹ ಆಗ್ಲಿಲ್ಲ.”

“ಮೂರೂ ತೆಗೆದ್ರೆ ಮೂರು. ಒಂದೇ ತೆಗೆದ್ರೆ?”

ಅಶ್ವಿತ್ ಯೋಚಿಸಿದ. ಮೊದಲ ದಿನ ಒಂದನ್ನೇ ಅಳಿಸಿದ್ದ. “ಒಂದೇ ಬಂತು.”

“ನಾಲ್ಕು ಯಾವತ್ತಾದ್ರೂ ಆಗಿದೆಯಾ?”

“ಇಲ್ಲ.”

“ಹಾಗಾದ್ರೆ ಕಳ್ಳ ಅಲ್ಲ.” ಕಾಕ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರಸಿದರು. ಸುಟ್ಟ ಮೋಟರನ್ನು ಮೂಸಿ ನೋಡುವಾಗಿನ ಮುಖ ಅವರದ್ದಾಗಿತ್ತು. “ಕಳ್ಳ ಆದ್ರೆ ನೂರು ಎಬ್ಬಿಸ್ತಿದ್ದ. ಬೇರೆಯವರ ದುಡ್ಡಿಗೆ ಲೆಕ್ಕ ಯಾರು ಇಡ್ತಾರೆ? ಇದು ಲೆಕ್ಕ ಇಟ್ಟುಕೊಂಡು ಎಬ್ಬಿಸುವುದು. ಕಡಿಮೆ ಆದ್ರೆ ತುಂಬಿಸುವುದು. ನೀನು ಬಂದ್ ಮಾಡಿದ್ದು ಯಾವುದನ್ನು? ಮೋಟರನ್ನಾ, ಮೋಟರನ್ನು ಎಬ್ಬಿಸುವವನನ್ನಾ?”

ಅಶ್ವಿತ್ ಗೋಡೆಯ ಕಡೆ ನೋಡಿದ. ಕೆಳಗೆ ಮಾಡಿದ ಬಿಳಿ ಸ್ವಿಚ್ಚು ಅಲ್ಲೇ ಇತ್ತು.

“ಅವನನ್ನು ಎಲ್ಲಿಯಾದ್ರೂ ನೀನೇ ಕೂರಿಸಿರ್ಬೇಕು,” ಎಂದರು ಕಾಕ. “ತಾನಾಗಿ ಬಂದು ಕೂರುವವ ಅಲ್ಲ ಅವ. ಹುಡುಕು.”

*

ಬಾವಿಯ ಬಳಿ ನೆಟ್‌ವರ್ಕ್ ಇರಲಿಲ್ಲ. ಹತ್ತು ಹೆಜ್ಜೆ ಮೇಲೆ, ನೀರಿನ ತೊಟ್ಟಿಯ ಕಟ್ಟೆಯಲ್ಲಿ ಎರಡು ಗೀಟು ಸಿಕ್ಕಿತು. ಅಶ್ವಿತ್ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಒಂದು ಬದಿಯಲ್ಲಿ ಕಾಕ, ಇನ್ನೊಂದು ಬದಿಯಲ್ಲಿ ಪ್ರಭಾಚಂದ್ರರು. ತನ್ನ ಅಲಸಂಡೆಗೆ ನೀರು ಬರುವುದು ಈ ಪರದೆಯ ಒಳಗಿನಿಂದಲೇ ಎಂಬಂತೆ ಅವರು ಬಗ್ಗಿ ನೋಡುತ್ತಿದ್ದರು.

ಪುಟದ ಎಡಗಡೆ ಒಂದು ಉದ್ದದ ಪಟ್ಟಿ. ಇಷ್ಟು ದಿನ ಅದನ್ನು ಅರ್ಧಕ್ಕಿಂತ ಕೆಳಗೆ ಅವನು ಎಳೆದಿರಲಿಲ್ಲ. ಅಲ್ಲಿರುವುದೆಲ್ಲ ಓದಿದವರಿಗೆ ಎಂದುಕೊಂಡಿದ್ದ. ಈಗ ಎಳೆದ. ಇನ್ನೂ ಎಳೆದ. ಎಲ್ಲಕ್ಕಿಂತ ಕೆಳಗೆ ಬಂದು ಬೆರಳು ನಿಂತಿತು.

“ಆಟೋ ಅಂತಲೇ ಬರೆದಿದ್ದಾರೆ ಕಾಕ!”

“ಮತ್ತೆಂತ ಬರೀಬೇಕು, ಪಾಪ,” ಎಂದರು ಕಾಕ.

ಒತ್ತಿದ. ಒಂದು ಗುಂಪು. ಅದಕ್ಕೆ ಅವನೇ ಇಟ್ಟ ಹೆಸರು: ಶುಕೂರ್. ಎದುರಿಗೆ, ಇರಬೇಕಾದ ಯಂತ್ರಗಳ ಸಂಖ್ಯೆ: ಮೂರು. ನೆನಪಾಯಿತು. ವಿಡಿಯೋದ ಎರಡನೆಯ ಗಂಟೆಯಲ್ಲಿ ಆ ಹಲ್ಲು ಬಿಡುವವನು, ನಿಮ್ಮ ಪುಟಕ್ಕೆ ಒಮ್ಮೆಲೇ ಸಾವಿರಾರು ಜನ ಬಂದರೆ ಒಂದು ಯಂತ್ರ ಸಾಲದು, ಒಂದು ಬಿದ್ದರೂ ಇನ್ನೊಂದು ತಾನಾಗಿ ಏಳಬೇಕು ಎಂದಿದ್ದ. ಅವನು ಮಾಡಿದ್ದನ್ನೆಲ್ಲ ಅಶ್ವಿತ್ ಮಾಡಿದ್ದ. ಬೀಗ ಮುರಿದು ಯಾರೂ ಒಳಗೆ ಬಂದಿರಲಿಲ್ಲ. ಕಾವಲಿಗೆ ನಿಲ್ಲಿಸಿದವನು ಹೇಳಿದ ಕೆಲಸ ಮಾಡುತ್ತಿದ್ದ, ಅಷ್ಟೇ.

“ನಮ್ಮ ಅಂಗಡಿಗೆ ಮೂರು ಯಂತ್ರವಾ?” ಕಾಕನ ಹೊಟ್ಟೆ ಕುಲುಕತೊಡಗಿತು. “ವೈಂಡಿಂಗ್ ಮೆಷಿನೇ ಇರುವುದು ಒಂದು. ಸಾವಿರ ಜನ ಬಂದು ಕೇಳುವುದು ಎಂತದ್ದು, ಪ್ರಭಣ್ಣನ ಮೋಟರ್ ಒಣಗಿತಾ ಅಂತಲಾ?”

“ಕೇಳ್ಲಿ, ಕೇಳ್ಲಿ,” ಎಂದರು ಪ್ರಭಾಚಂದ್ರರು. “ಊರೇ ಕೇಳ್ಲಿ.”

ಅಶ್ವಿತನಿಗೂ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು. ಗುಂಪನ್ನು ಅಳಿಸಲು ಕೊಟ್ಟ. ಮೂರು ಹಸಿರು ಚುಕ್ಕೆಗಳು ಒಂದೊಂದಾಗಿ ಬೂದಿಯಾದವು. ಆದರೆ ಬಿಲ್ಲಿನ ಪಟ್ಟಿಯಲ್ಲಿ ಇನ್ನೂ ಕೆಲವು ಇದ್ದವು: ಬರುವ ಜನರನ್ನು ಮೂರು ಯಂತ್ರಗಳಿಗೆ ಹಂಚುವ ಒಂದು, ಹೊರಗಿನ ವಿಳಾಸ ಒಂದು, ಡಿಸ್ಕು ಎರಡು. ಡಿಸ್ಕು ಅಳಿಸುವಾಗ ತಕರಾರಿಲ್ಲ. ವಿಳಾಸ ಬಿಡಲು ಹೋದರೆ, ಇದು ಬಳಕೆಯಲ್ಲಿದೆ, ಆಗುವುದಿಲ್ಲ ಎಂದಿತು. ಇನ್ನೊಮ್ಮೆ ಒತ್ತಿದ. ಆಗುವುದಿಲ್ಲ.

“ಕೊಲ್ಲುವುದಕ್ಕೂ ಬಿಡುವುದಿಲ್ಲ ಇವರು,” ಎಂದು ತೊಟ್ಟಿಗೆ ಗುದ್ದಿದ.

“ತೊಟ್ಟಿ ಎಂತ ಮಾಡಿದೆ ನಿನಗೆ? ಜೋಡಿಸಿದ್ದು ಹೇಗೆ? ಯಾವುದರ ಮೇಲೆ ಯಾವುದು ಕೂರಿಸಿದ್ದು?” ಎಂದರು ಕಾಕ. “ಕೊನೆಗೆ ಕೂರಿಸಿದ್ದನ್ನು ಮೊದಲು ತೆಗಿ. ಬೇರಿಂಗ್ ಒಳಗುಂಟು ಅಂತ ಹೊರಗಿನ ಕವರ್ ಬಿಟ್ಟು ಅದನ್ನೇ ಎಳೆದ್ರೆ ಬರ್ತದಾ?”

ಅವನು ಕಣ್ಣು ಮುಚ್ಚಿ ವಿಡಿಯೋವನ್ನು ಕೊನೆಯಿಂದ ಮೊದಲಿನ ಕಡೆಗೆ ನೆನಪಿಸಿಕೊಂಡ. ಕೊನೆಗೆ ಮಾಡಿದ್ದು ಹಂಚುವವನನ್ನು. ಅದನ್ನು ತೆಗೆದ. ಸ್ವಲ್ಪ ಕಾದು ವಿಳಾಸವನ್ನು ಒತ್ತಿದ. ಈ ಸಲ ಹೋಯಿತು. ಬಿಲ್ಲಿನಲ್ಲಿದ್ದ ಒಂದೊಂದು ಹೆಸರನ್ನೂ ಹಾಗೆಯೇ ಹುಡುಕಿ, ಅದರ ಪುಟ ಖಾಲಿ ಎಂದು ಕಂಡ ಮೇಲೆ ಮುಂದಿನದ್ದಕ್ಕೆ ಹೋದ. ವಿಡಿಯೋದ ಕೊನೆಯ ಹತ್ತು ನಿಮಿಷದಲ್ಲಿ ಖರ್ಚಿಗೆ ಗಡಿ ಹಾಕಿ ಎಚ್ಚರಿಕೆ ಇಟ್ಟುಕೊಳ್ಳುವುದು ಹೇಗೆಂದು ಇತ್ತು. ಪುಟ ಎದ್ದು ನಿಂತ ಸಂಭ್ರಮದಲ್ಲಿ ಅವನು ಅದನ್ನು ನೋಡಿರಲಿಲ್ಲ. ಈಗ ಅಲ್ಲೇ ಕೂತು ನೋಡಿ ಮಾಡಿದ. ಹತ್ತು ರೂಪಾಯಿ ದಾಟಿದರೆ ಮೇಲ್ ಬರಬೇಕು.

“ಹತ್ತು ಎಂತಕ್ಕೆ, ಒಂದು ಅಂತ ಹಾಕು,” ಎಂದರು ಕಾಕ. “ನನಗೂ ಬರುವ ಹಾಗೆ ಮಾಡು.”

“ಇಂಗ್ಲಿಷಿನಲ್ಲಿ ಬರ್ತದೆ ಕಾಕ.”

“ಬರ್ಲಿ. ಬಂದದ್ದು ಗೊತ್ತಾದ್ರೆ ಸಾಕು. ಓದ್ಲಿಕ್ಕೆ ನೀನಿದ್ದಿಯಲ್ಲ.”

ಅಶ್ವಿತ್ ಪರದೆಯಿಂದ ತಲೆ ಎತ್ತಲಿಲ್ಲ. ಎತ್ತಿದ್ದರೆ ಮುಖ ಕಾಣುತ್ತಿತ್ತು.

“ಈಗಾಗಲೇ ಬಿದ್ದದ್ದು ಹೋಗುವುದಿಲ್ಲ,” ಎಂದ. “ಸಾವಿರದ ಒಂಬೈನೂರು ಆಗ್ಬಹುದು. ಶನಿವಾರದ ಸಂಬಳದಲ್ಲಿ ಹಿಡೀರಿ.”

“ನಾಳೆ ಬೆಳಿಗ್ಗೆ ಬಂಟ್ವಾಳಕ್ಕೆ ಹೋಗುವ. ಕಾರ್ಡಿಗೆ ಎರಡು ಸಾವಿರ ಮೊದಲೇ ಹಾಕಿ ಇಡುವ. ಬಿಲ್ ಬರುವ ಮೊದಲೇ ದುಡ್ಡು ಅಲ್ಲಿ ಕೂತಿದ್ರೆ ಬಡ್ಡಿ ಎಲ್ಲಿಂದ ಬರ್ತದೆ? ಬಂದು ಬಾಗಿಲು ನೋಡಿ ವಾಪಸ್ ಹೋಗ್ತದೆ.” ಕಾಕ ಎದ್ದು ಲುಂಗಿ ಕೊಡವಿದರು. “ಸಾವಿರ ನೀನು ಕೊಡು, ನನಗೆ ಹೇಳದೆ ಇದ್ದದ್ದಕ್ಕೆ ಅದು. ಉಳಿದದ್ದು ಅಂಗಡಿಯದ್ದು.”

“ಅಂಗಡಿಯದ್ದು ಎಂತಕ್ಕೆ? ತಪ್ಪು ನನ್ನದಲ್ವಾ?”

“ಅಂಗ್ಡಿ ಹೆಸ್ರು ಹಾಕಿದ್ದಿ ಅಲ್ವಾ ಅದ್ರಲ್ಲಿ? ಪೈಂಟರ್ ನೋಣಯ್ಯನಿಗೆ ಬೋರ್ಡ್ ಬರೀಲಿಕ್ಕೆ ಕೊಟ್ಟಿದ್ರೆ ಮೂರು ಸಾವಿರ ತೆಗೀತಿದ್ದ, ಅಕ್ಷರ ಸಹ ತಪ್ಪು ಬರೀತಿದ್ದ.” ಎರಡು ಹೆಜ್ಜೆ ಹೋಗಿ ತಿರುಗಿದರು. “ಆ ಪುಟ ಬಿಟ್ಟುಬಿಡ್ಬೇಡ, ಪುನಃ ಎಬ್ಬಿಸು. ಒಂದೇ ಯಂತ್ರದಲ್ಲಿ ಇಡು, ಬಿಟ್ಟಿಯದ್ದು ಉಂಟಲ್ಲ, ಅದರಲ್ಲಿ. ಕಾರ್ಡ್ ಅದರಲ್ಲೇ ಇರ್ಲಿ.”

ಅಶ್ವಿತ್ ಏನೋ ಹೇಳಬೇಕೆಂದು ಬಾಯಿ ತೆರೆದ. ಅವರಿಬ್ಬರೂ ದಿನವಿಡೀ ಆಡುವುದು ತುಳು. ತುಳುವಿನಲ್ಲಿ ಧನ್ಯವಾದಕ್ಕೆ ಸೊಲ್ಮೆಲು ಎಂಬ ಶಬ್ದವಿದೆ. ಅವನು ಅದನ್ನು ಕೇಳಿದ್ದು ವೇದಿಕೆಯ ಮೇಲೆ ಮೈಕು ಹಿಡಿದು ನಿಂತವರ ಬಾಯಲ್ಲಿ ಮಾತ್ರ. ಗ್ರೀಸಿನ ಕೈಯವರು ಒಬ್ಬರಿಗೊಬ್ಬರು ಹಾಗೆ ಹೇಳಿಕೊಳ್ಳುವುದನ್ನು ಎಲ್ಲೂ ಕಂಡಿರಲಿಲ್ಲ. ತೊಡೆಯ ಮೇಲಿದ್ದ ಲ್ಯಾಪ್‌ಟಾಪನ್ನು ಮಡಚಿದ.

“ಅಸರ್ ಆಯ್ತು,” ಎಂದು ಕಾಕ ಆಕಾಶ ನೋಡಿದರು. “ಪ್ರಭಣ್ಣ, ಐದು ನಿಮಿಷ ನಮಾಜ್ ಮಾಡಿಕೊಳ್ತೇನೆ. ನಿಮ್ಮ ಪಂಪಿನ ಕಟ್ಟೆಯಲ್ಲಿ ಆಗ್ಬಹುದಾ?”

“ಕೇಳುವುದೆಂತ ಮಾರಾಯ್ರೆ. ಮಾಡಿ.”

ಕಾಕ ತೊಟ್ಟಿಯ ಬಳಿ ಕೂತು ಕೈಕಾಲು ಮುಖ ತೊಳೆಯುವಷ್ಟರಲ್ಲಿ ಅಶ್ವಿತ್ ಪಂಪಿನ ಕಟ್ಟೆಗೆ ಇಳಿದ. ವಯರಿನ ತುಂಡು, ಬೋಲ್ಟು, ಒಣಗಿದ ಎಲೆ, ಎಲ್ಲವನ್ನೂ ಕೈಯಿಂದಲೇ ಬದಿಗೆ ಬಳಿದ. ಬ್ಯಾಗಿನಲ್ಲಿ ಮೈ ಒರಸುವ ಅವನದ್ದೊಂದು ಒಗೆದ ಬೈರಾಸು ಇತ್ತು. ಅದನ್ನು ಪಡುವಣಕ್ಕೆ ಮುಖ ಮಾಡಿ ಹಾಸಿ, ಮೂಲೆಗಳು ಹಾರದಂತೆ ಎರಡು ಸ್ಪ್ಯಾನರು ಇಟ್ಟ. ಕಾಕ ಬಂದು ನೋಡಿದರು. ಒಂದು ಸ್ಪ್ಯಾನರನ್ನು ಕಾಲಿನಿಂದ ಸ್ವಲ್ಪ ಸರಿಸಿ, ಬೈರಾಸಿನ ದಿಕ್ಕನ್ನು ಒಂದಿಷ್ಟು ಬಲಕ್ಕೆ ತಿರುಗಿಸಿ, ನಿಂತರು.

ಅಶ್ವಿತ್ ಮೇಲೆ ಹೋಗಿ ಯಂತ್ರಗಳ ಪಟ್ಟಿಯನ್ನು ಮತ್ತೆ ತೆರೆದ. ಅವು ಮತ್ತೆ ಏಳುವ ಐದು ನಿಮಿಷ ಕಳೆದು ಎಷ್ಟೋ ಹೊತ್ತಾಗಿತ್ತು. ಯಂತ್ರಗಳ ಸಂಖ್ಯೆ ಸೊನ್ನೆ. ಇನ್ನೊಮ್ಮೆ ತೆರೆದ. ಸೊನ್ನೆ.

“ಚಾಲು ಮಾಡುವನಾ?” ಎಂದು ಪ್ರಭಾಚಂದ್ರರು ಅಲಸಂಡೆಯ ಸಾಲಿನಿಂದ ಕೂಗಿದರು. ಅವನು ಬಾಯಿಯ ಮೇಲೆ ಬೆರಳಿಟ್ಟು, ತಡೆಯಿರಿ ಎಂದು ಕೈ ತೋರಿಸಿದ.

ಚಾಲು ಮಾಡುವ ಮೊದಲು ವಯರು ಜೋಡಿಸುವುದು, ಪಂಪಿಗೆ ನೀರು ತುಂಬಿಸುವುದು ಬಾಕಿಯಿತ್ತು. ತೊಟ್ಟಿಯಲ್ಲಿ ಕೊಡಪಾನ ತುಂಬಿಸಿ ಎತ್ತಿಕೊಂಡು ಇಳಿದ. ತೊಟ್ಟಿಯಿಂದ ಕಟ್ಟೆಯವರೆಗೆ ಬಿಸಿಲು ಕುಡಿದ ಸಿಮೆಂಟಿನ ಮೇಲೆ ಶುಕೂರ್ ಕಾಕನ ಒದ್ದೆ ಹೆಜ್ಜೆಗಳು ಸಾಲಾಗಿ ಮೂಡಿದ್ದವು. ಮೊದಲಿನವು ಆಗಲೇ ಅಂಚಿನಿಂದ ಒಣಗುತ್ತಿದ್ದವು. ಅವನು ಅವುಗಳನ್ನು ತುಳಿಯದೆ, ತುಂಬಿದ ಕೊಡ ತುಳುಕದಂತೆ ಹಿಡಿದುಕೊಂಡು, ಬದಿಯ ಹುಲ್ಲಿನ ಮೇಲೆ ನಿಧಾನ ನಡೆದ.